ಉಲ್ಟಾ ಆಟಿ

ಹಂಗರಗಿ ಸೈಕಲ್ ತಂದು ಗ್ವಾಡಿಗೆ ಆನಿಸಿ
'ತುಳದ್ರ ಕಟಕಟ ಅಂತೈತಿ ನೋಡೋ ಮಲಕ್ಯಾ' ಅಂದ.
ಬಿಜಾಪುರದ ಈ ಸ್ಟೇಷನ್ ರೋಡಿನಾಗ
ನನಗ ಮಲಕ್ಯಾ ಅನ್ನಾವ್ರು ಇಬ್ಬರ ಉಳದಾರ.
ಇನ್ನೊಬ್ಬಾಕಿ ನಮ್ಮಕ್ಕ.

ತೆಳು ಟಾಯರು, ಟಗರಿನ ಕೋಡಿನಂಗ ಬಾಗಿದ ಹ್ಯಾಂಡಲ್ಲು,
ಬಣ್ಣ ಹೋದಲ್ಲಿ ಬರೇ ಉಕ್ಕು.
ನೋಡಿದ ಕೂಡ್ಲೇ ಗುರುತು ಹತ್ತಿತು. ಹತ್ತಲಾರದಾವನಂಗ
'ಬಿಚ್ಚಿ ಎಷ್ಟ ವರ್ಷ ಆತ್ರಿ?' ಅಂದೆ.
'ಕಡೀಗೆ ಬಿಚ್ಚಿದಾವ ನಿಮ್ಮ ಉಸ್ತಾದ.'

ಕಾಟರ್ ಪಿನ್ನಿಗೆ ಚಿಮಣಿ ಎಣ್ಣಿ ಕುಡಿಸಿ
ಒಂದು ಚಾ ಮುಗಿಯೂತನಕ ಬಿಟ್ಟೆ.
ಕಬ್ಬಿಣಕ್ಕ ಅವಸರ ಮಾಡಬಾರದು,
ಹೊಡಿಯೂದಿದ್ರ ಒಂದ ಏಟು, ಅದೂ ನೆಟ್ಟಗ,
ಚಾಂದಪೀರ ಉಸ್ತಾದ ಕಲಿಸಿದ್ದು.
ಇನ್ನೊಂದು: ಬಲಗಡೆ ಕಪ್ಪು ಸುಳ್ಳ ಹೇಳತೈತಿ.
ಲೋಕದ ನಟ್ಟೆಲ್ಲಾ ಹಿಂಗ ತಿರುವಿದ್ರ ಬಿಚ್ಚತಾವ,
ಅದಕ್ಕ ಹಂಗ ತಿರುವಬೇಕು. ಉಲ್ಟಾ ಆಟಿ.
ಮೊದಲ ದಿನ ಬಿಚ್ಚತೀನಂತ ಅರ್ಧ ತಾಸು ಬಿಗಿದೆ.
ಉಸ್ತಾದ ನಗಲಿಲ್ಲ. ಬೀಡಿ ಹಚ್ಚಿ
ಗ್ವಾಡಿ ಕಡೆ ಮಾರಿ ಮಾಡಿದ,
ಭುಜ ಅಷ್ಟ ಅಳ್ಳಾಡಿದ್ವು.

ಆ ರಾತ್ರಿ ನನಗ ಹದಿಮೂರು.
ಹೊತ್ತು ಹುಟ್ಟಿದ್ರ ರೇಸು: ತೊರವಿ ದಾಟಿ
ತಿಕೋಟಾ ಮುಟ್ಟಿ ತಿರುಗಿ ಬರೂದು.
ಉಸ್ತಾದ ನಮಾಜಿಗೆ ಹೋಗಿದ್ದ. ಎಡಗಡೆ ಕಪ್ಪಿನಾಗ
ಗ್ರೀಸ್ ಸವರಿ ಛರ್ರಾ ಕೂಡಸೂದು ನನ್ನ ಪಾಲಿಗೆ.
ಎಂಟು, ಒಂಬತ್ತು, ಹತ್ತನೇದು ಕೂತಿತು,
ಕರೆಂಟ್ ಹೋತು.
ಹನ್ನೊಂದನೇದು ಬೆರಳ ಸಂದಿಂದ ಜಾರಿ
ಟಿಣ್ ಅಂತು. ಮತ್ತ ಅನ್ನಲಿಲ್ಲ.
ಬಾಗಲದಾಗ ಗಟಾರ ಬಾಯಿ ತಕ್ಕೊಂಡಿತ್ತು.
ಖಾಲಿ ಜಾಗಾಕ್ಕ ಗ್ರೀಸ್ ಮೆತ್ತಿದೆ,
ಕಪ್ಪು ತಿರುವಿದೆ, ರಿಂಗು ಬಿಗಿದೆ,
ಬಾಯಿನೂ ಬಿಗಿದೆ.

ಹಂಗರಗಿ ಎರಡನೇದಾವ ಬಂದ.
ಅರ್ಧ ಗಾಲಿ ಅಷ್ಟ ಹಿಂದ, ಅಂದ್ರು ಮಂದಿ.
ಮುಂದ ಅವಗ ಕೆಇಬಿಯಾಗ ಲೈನ್‌ಮನ್ ನೌಕರಿ ಆತು,
ಊರ ಕರೆಂಟ್ ತಗಿಯಾವ ಅವನ ಆದ.
ಕತ್ತಲಾದಾಗೊಮ್ಮೆ ನನಗ ಟಿಣ್ ಕೇಳತಿತ್ತು.

ಇವತ್ತ ಕಪ್ಪು ಬಿಚ್ಚಿದೆ. ಗ್ರೀಸು ಕಲ್ಲಾಗಿತ್ತು,
ತಳ ಹಿಡದ ಬೆಲ್ಲದ ಪಾಕದಂಗ,
ತಿಕೋಟಾ ದಾರಿಯ ಎರಿ ಮಣ್ಣು ಅದರಾಗ
ಇನ್ನಾ ಕರ್ರಗ.
ಪರಾತದಾಗ ಸುರವಿ ತೊಳದೆ.
ಎಣಿಸಬಾರದು ಅಂತ ಇದ್ದೆ, ಎಣಿಸಿದೆ.
ಹನ್ನೊಂದು.
ಅರಬಿ ಮ್ಯಾಲ ಸಾಲಾಗಿ ಇಟ್ಟು ಇನ್ನೊಮ್ಮೆ.
ಹನ್ನೊಂದ.
ಹತ್ತರದು ಒಂದ ಬಣ್ಣ. ಒಂದು ನಸುನೀಲಿ,
ಬ್ಯಾರೆ ಕಂಪನೀದು.

ಯಾವಾಗ ಹಾಕಿದ? ಅವತ್ತ ರಾತ್ರಿನ,
ನಾ ಮನಿಗೆ ಹ್ವಾದ ಮ್ಯಾಲ?
ಹಂಗಾದ್ರ ಇಷ್ಟ ವರ್ಷ ನಾ ಹೊತ್ತಿದ್ದು ಯಾರ ಸೋಲು?
ರೇಸ್ ಮುಗದ ಮ್ಯಾಲ? ಹಂಗಾದ್ರ
ಒಂದ ಬುತ್ತಿಯಾಗ ರೊಟ್ಟಿ ಮುರದ ಹತ್ತು ವರ್ಷ
ಒಂದು ಮಾತು ಯಾಕ ಆಡಲಿಲ್ಲ?
ಉಸ್ತಾದ ಮಣ್ಣಿಗೆ ಹೋಗಿ ಭಾಳ ದಿನ ಆತು.
ಛರ್ರಾ ಕಣ್ಣ ಹತ್ತರ ಹಿಡದೆ.
ನನ್ನ ಮೂಗ ಅಷ್ಟ ಕಂಡಿತು, ದೊಡ್ಡದಾಗಿ.

'ಏನ್ ಎಣಸಾಕತ್ತೀಯೋ ಅಷ್ಟೊತ್ತಿಂದ?'
'ಸವದಾವೇನು ನೋಡಾಕತ್ತೀನ್ರಿ.'

ಹೊಸಾವು ಹಾಕಿದೆ, ಎಡಕ್ಕ ಹನ್ನೊಂದು, ಬಲಕ್ಕ ಹನ್ನೊಂದು.
ಬಿಗಿ ಆದ್ರ ಮುಲಗತೈತಿ, ಸಡ್ಲಾದ್ರ ಕುಣಿತೈತಿ,
ನಡುವ ಕೂದಲೆಳಿಯಷ್ಟ ಜಾಗಾ ಐತಿ,
ಅದು ಕಣ್ಣಿಗಲ್ಲ, ಬೆರಳಿಗೆ ಗೊತ್ತು.
ಪೆಡಲ್ ಒಮ್ಮೆ ತಿರುವಿ ಬಿಟ್ಟೆ.
ತಿರುಗಿತು, ತಿರುಗಿತು, ಸಪ್ಪಳಿಲ್ಲ.
ಹಂಗರಗಿ ಚಾದ ಕಪ್ಪು ಬಾಯಿಗೆ ಒಯ್ಯೂದು ಮರತ.

'ಎಷ್ಟ ಆತು?'
'ಕೂಲಿ ಇನ್ನೂರು. ಮ್ಯಾಲ ಇಪ್ಪತ್ತೊಂದು ಛರ್ರಾದ್ದು ಕೊಡ್ರಿ.'
'ಇಪ್ಪತ್ತೆರಡು ಹಾಕಿದೆಲ್ಲೋ, ನಾನೂ ಎಣಿಸೀನಿ.'
'ಒಂದು ಹಳೇ ಬಾಕಿ ಐತ್ರಿ.'